ಹೆದ್ದಾರಿ ಬಿಟ್ಟು ಹೊಳೆ ಹಿಡಿದರೆ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಬೀಗ ಬೀಳುತ್ತಿದ್ದಂತೆ ಉತ್ತರ ಕನ್ನಡದ ಕರಾವಳಿಯಲ್ಲಿ ಎದುರುಬದುರು ಓಡಾಟ ಶುರುವಾಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯ ಕಾರುಗಳು ಘಟ್ಟ ಇಳಿದು ಮುರುಡೇಶ್ವರಕ್ಕೋ ಗೋಕರ್ಣಕ್ಕೋ ಬರುತ್ತವೆ. ಅದೇ ಹೊತ್ತಿಗೆ ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಮಕ್ಕಳು ಎಲ್ಲಿಗಾದರೂ ಕರೆದುಕೊಂಡು ಹೋಗಿ ಎಂದು ಹಟ ಹಿಡಿದಿರುತ್ತಾರೆ. ಅಪ್ಪ ಅಮ್ಮ ಮೈಸೂರೋ ಗೋವಾವೋ ಎಂದು ಖರ್ಚಿನ ಲೆಕ್ಕ ಹಾಕುತ್ತಿರುತ್ತಾರೆ. ಬರುವವರೂ ಹೋಗುವವರೂ ಮುಖಾಮುಖಿಯಾಗುವುದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ.

ಈ ಮೂರು ತಾಲ್ಲೂಕುಗಳ ಚಿತ್ರ ಹೊರಗಿನವರ ಕಣ್ಣಲ್ಲಿ ಹೇಗಿರಬೇಕೆಂದು ನಿರ್ಧರಿಸಿರುವುದೂ ಅದೇ ಹೆದ್ದಾರಿ. ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ಮುರುಡೇಶ್ವರದ ಕಮಾನು, ಶರಾವತಿ ಸೇತುವೆ, ಕುಮಟಾ ದಾಟುವಾಗ ರಸ್ತೆಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ, ಅಷ್ಟರಲ್ಲಿ ಪ್ರಯಾಣ ಮುಗಿದುಹೋಗುತ್ತದೆ. ಸೋಜಿಗವೆಂದರೆ ಊರಿನ ಮಕ್ಕಳಿಗೂ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಶಾಲೆ, ಟ್ಯೂಷನ್, ಪೇಟೆ, ನೆಂಟರ ಮನೆ ಎಲ್ಲವೂ ಇದೇ ಉತ್ತರ–ದಕ್ಷಿಣದ ಗೆರೆಯ ಮೇಲಿವೆ. ಪೂರ್ವಕ್ಕೆ ಹತ್ತು ಮೈಲಿ ಒಳಗೆ ಏನಿದೆ, ಪಶ್ಚಿಮದಲ್ಲಿ ಹೊಳೆ ಕಡಲಿಗೆ ಸೇರುವಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ ಹತ್ತನೇ ತರಗತಿಯ ಹುಡುಗರೂ ತಡವರಿಸುತ್ತಾರೆ.

ಬೇಸಿಗೆ ರಜೆಯ ಒಂದು ತಿಂಗಳನ್ನು ಈ ಗೆರೆಯಿಂದ ಆಚೀಚೆ ಇಳಿಯಲು ಬಳಸಬಾರದೇಕೆ? ಮೂರು ತಾಲ್ಲೂಕುಗಳಿಗೂ ಒಂದೊಂದು ಹೊಳೆಯಿದೆ. ಕುಮಟಾಕ್ಕೆ ಅಘನಾಶಿನಿ, ಹೊನ್ನಾವರಕ್ಕೆ ಶರಾವತಿ, ಭಟ್ಕಳಕ್ಕೆ ಶಿರಾಲಿಯ ಬಳಿ ಹರಿಯುವ ವೆಂಕಟಾಪುರ ಹೊಳೆ. ವಾರಕ್ಕೊಂದು ಹೊಳೆಯಂತೆ ಅಳಿವೆಯಿಂದ ಘಟ್ಟದ ಬುಡದವರೆಗೆ ಬಿಡುವಾದಾಗ ಹೋಗಿಬಂದು, ಉಳಿದ ವಾರ ಮನೆಯಂಗಳದಲ್ಲೇ ಕೈಕೆಲಸಕ್ಕೆ ಕೂತರೆ ತಿಂಗಳು ತುಂಬುತ್ತದೆ. ಇದಕ್ಕೆ ಹೋಟೆಲ್ ಬುಕಿಂಗ್ ಬೇಡ. ಬೆಳಿಗ್ಗೆ ಹೊರಟು ಊಟದ ಹೊತ್ತಿಗೋ ಸಂಜೆಗೋ ಮನೆ ಸೇರುವ ದೂರವಿದು.

ಅಘನಾಶಿನಿಯಿಂದಲೇ ಆರಂಭಿಸಬಹುದು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯಲ್ಲಿ ಕಡಲು ಸೇರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ತಮ್ಮ ತಮ್ಮ ಸರದಿಯಲ್ಲಿ ಬಂದುಹೋಗುತ್ತವೆ. ಅಳಿವೆಯ ಬದುಕು ನಿಂತಿರುವುದು ಈ ಸರದಿಯ ಮೇಲೆ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೊಂದು ಕುಮಟಾ ಬಸ್ ನಿಲ್ದಾಣದಿಂದ ಅರ್ಧ ತಾಸಿನ ದಾರಿಯಲ್ಲಿದೆ ಎಂಬ ಸಂಗತಿ ಪತ್ರಿಕೆಯಲ್ಲಿ ಒಂದು ದಿನ ಸುದ್ದಿಯಾಗಿ ಮರೆಯಾಯಿತು.

ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಿದರೆ ಪಟ್ಟಿಯಲ್ಲಿ ಬರೆದದ್ದು ಕಣ್ಣೆದುರು ಕಾಣುತ್ತದೆ. ಇಳಿತದ ಹೊತ್ತಿಗೆ ನೀರು ಸರಿದು ದಿಬ್ಬಗಳು ಮೇಲೇಳುತ್ತವೆ. ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು, ಚಿಪ್ಪಿಕಲ್ಲು ಆಯುವವರು ಬುಟ್ಟಿ ತುಂಬಿಸುತ್ತಿರುತ್ತಾರೆ. ಮಕ್ಕಳು ಸತ್ತ ಚಿಪ್ಪುಗಳನ್ನು ಜಾತಿವಾರು ಜೋಡಿಸಿ, ಸಿಕ್ಕ ಜಾಗ ಮತ್ತು ದಿನ ಬರೆದಿಟ್ಟುಕೊಂಡರೆ ಅದೇ ಒಂದು ಹವ್ಯಾಸ. ಜೀವಂತ ಚಿಪ್ಪನ್ನು ಕೀಳಬಾರದು ಎನ್ನುವುದನ್ನೂ ಅಲ್ಲಿಯೇ ಕಲಿಸಬೇಕು, ಏಕೆಂದರೆ ಅದು ಇನ್ನೊಬ್ಬರ ಅನ್ನ.

ಅಳಿವೆಯ ಅಂಚಿನ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಹೊಳೆಯ ಉಪ್ಪುನೀರನ್ನು ಹಂತಹಂತವಾಗಿ ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಗಟ್ಟಿಯಾಗಿಸಿ, ಕೆರೆದು ಗುಡ್ಡೆ ಹಾಕುವ ಕೆಲಸ ಮಳೆ ಬೀಳುವ ಮೊದಲು ಮುಗಿಯಬೇಕು. ಆದ್ದರಿಂದ ಮೇ ತಿಂಗಳೇ ಇದನ್ನು ನೋಡುವ ಕಾಲ. ಬಾಷ್ಪೀಕರಣ ಎಂಬ ಪಾಠವನ್ನು ಏಳನೇ ತರಗತಿಯ ಹುಡುಗಿ ಪುಸ್ತಕದಲ್ಲಿ ಓದಿರುತ್ತಾಳೆ. ಇಲ್ಲಿ ಬರಿಗಾಲಲ್ಲಿ ನಿಂತರೆ ಅದು ಅಂಗಾಲಿಗೆ ಕೊರೆಯುತ್ತದೆ. 1930ರ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲೆಯಲ್ಲಿ ಸಾವಿರಾರು ಜನ ಬ್ರಿಟಿಷರ ಕಾನೂನು ಮುರಿದು ಉಪ್ಪು ತಯಾರಿಸಿದ್ದೇಕೆ ಎಂಬ ಪ್ರಶ್ನೆಯೂ ಈ ಗುಡ್ಡೆಗಳ ಎದುರು ಸಹಜವಾಗಿ ಹುಟ್ಟುತ್ತದೆ.

ಅದೇ ನೀರಿಗೆ ಒಗ್ಗಿದ ಬತ್ತವೂ ಇದೆ. ಮಾಣಿಕಟ್ಟಾ ಸುತ್ತಲಿನ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ತಳಿ ಉಪ್ಪಿನಂಶ ತಾಳುತ್ತದೆ, ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ, ಗೊಬ್ಬರ ಔಷಧಿ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟರೆ ಸೀಗಡಿ, ಮೀನು. ಬೇಸಿಗೆಯಲ್ಲಿ ಪೈರು ಕಾಣದು. ಆದರೆ ಭರತದ ನೀರನ್ನು ತಡೆಯುವ ಒಡ್ಡು, ಹಲಗೆ ಇಳಿಸುವ ಬಾಗಿಲು, ಅದನ್ನು ಊರೆಲ್ಲ ಸೇರಿ ಕಾಯುವ ಪದ್ಧತಿ ಇವನ್ನು ಅಲ್ಲಿನ ಹಿರಿಯ ರೈತರು ವಿವರಿಸಿ ಹೇಳಬಲ್ಲರು. ಕಡಲು ಏರುತ್ತಿದೆ ಎಂದು ಜಗತ್ತಿನ ಕೃಷಿ ವಿಜ್ಞಾನಿಗಳು ಉಪ್ಪು ತಾಳುವ ತಳಿಗಳನ್ನು ಹುಡುಕುತ್ತಿರುವ ಕಾಲದಲ್ಲಿ ಇಂಥದ್ದೊಂದು ತಳಿ ಕುಮಟಾದವರ ಹಿತ್ತಿಲಲ್ಲಿಯೇ ಇದೆ.

ಹೊಳೆಯ ಮೇಲ್ಭಾಗಕ್ಕೆ ಸರಿದರೆ ಮಿರ್ಜಾನ ಕೋಟೆ. ಕುಮಟಾದಿಂದ 11 ಕಿಲೋಮೀಟರ್ ದೂರದ ಈ ಚಿರೆಕಲ್ಲಿನ ಕೋಟೆಯನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಜನ ನೆನೆಯುತ್ತಾರೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದಿದ್ದರು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳೂ ಪೋರ್ಚುಗೀಸರ ಚಿನ್ನದ ನಾಣ್ಯವೂ ಸಿಕ್ಕವು. ಘಟ್ಟದ ಮೆಣಸು ಈ ಹೊಳೆಯಲ್ಲಿ ಇಳಿದು ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದಕ್ಕೆ ಮಣ್ಣೇ ಕೊಟ್ಟ ಪುರಾವೆ ಅದು.

ಇನ್ನೂ ಮೇಲೆ, ಅಘನಾಶಿನಿಗೆ ಸೇರುವ ಚಂಡಿಕಾ ಹೊಳೆಯ ಕಣಿವೆಯಲ್ಲಿ ಯಾಣ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬ ಗಾದೆ ಹುಟ್ಟಿದಾಗ ಅಲ್ಲಿಗೆ ದಾರಿಯೇ ಇರಲಿಲ್ಲ. 1996ರಲ್ಲಿ ಸುನೀಲ್ ಕುಮಾರ್ ದೇಸಾಯಿ ಅವರ ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೆ ಗಾದೆ ತಿರುಗಾಮುರುಗಾ ಆಯಿತು. ಈಗ ಅಜ್ಜಿ, ಮೊಮ್ಮಗು ಇಬ್ಬರೂ ಹೋಗಬಹುದಾದ ಜಾಗ ಅದು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಪ್ಪು ಸುಣ್ಣಕಲ್ಲಿನವು.

ಎರಡನೇ ವಾರ ಶರಾವತಿಗೆ ಬಂದರೆ ಕಥೆ ಬೇರೆ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿ 128 ಕಿಲೋಮೀಟರ್ ಹರಿಯುವ ಈ ನದಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅನಂತರ ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ಟೇಲ್‌ರೇಸ್ ಯೋಜನೆ. ವಿದ್ಯುದಾಗಾರ ದಾಟಿದ ಸಿಹಿನೀರು ವರ್ಷವಿಡೀ ಇಳಿದು ಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿದೆ. ಚಿಪ್ಪಿಕಲ್ಲಿನ ಜಾತಿಗಳು ಅಘನಾಶಿನಿಯಲ್ಲಿ ಇರುವಷ್ಟು ಇಲ್ಲಿಲ್ಲ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಇಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಒಂದು ಕಟ್ಟಿದ ಹೊಳೆ, ಒಂದು ಕಟ್ಟದ ಹೊಳೆ. ಪರಿಸರ ಎಂಬ ವಿಷಯಕ್ಕೆ ಇಷ್ಟು ಸ್ಪಷ್ಟವಾದ ಪ್ರಯೋಗಾಲಯ ರಾಜ್ಯದಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ. ಕಟ್ಟಿದ ಹೊಳೆಯಿಂದಲೇ ಮನೆಯ ದೀಪ ಉರಿಯುತ್ತಿದೆ ಎಂಬುದನ್ನೂ ಮಕ್ಕಳಿಗೆ ಮುಚ್ಚಿಡಬೇಕಾಗಿಲ್ಲ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೋ ಬೇಡವೋ ಎಂದು ದೊಡ್ಡವರು ಜಗಳವಾಡುತ್ತಿರುವಾಗ, ಆ ಕಣಿವೆಯನ್ನು ಒಮ್ಮೆ ಕಣ್ಣಾರೆ ಕಂಡ ಮಗು ಚರ್ಚೆಯನ್ನು ಚೆನ್ನಾಗಿಯೇ ಹಿಂಬಾಲಿಸುತ್ತದೆ.

ಹೊಳೆಯ ಬಾಯಲ್ಲಿ ಕಾಸರಕೋಡು. ಇಲ್ಲಿನ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆಯಿಂದ ಶೌಚಾಲಯದವರೆಗೆ 33 ಮಾನದಂಡಗಳು. ಹತ್ತಿರದಲ್ಲೇ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ಹಲಗೆಯ ನಡಿಗೆ ದಾರಿ ಮಾಡಿದೆ. ಬೇರುಗಳು ನೀರಿನಿಂದ ಮೇಲೆ ಬಂದು ಉಸಿರಾಡುವುದನ್ನು, ಕೆಸರಿನಲ್ಲಿ ಏಡಿಗಳು ಅಡ್ಡಾಡುವುದನ್ನು ಕಾಲು ಒದ್ದೆಯಾಗದೆ ನೋಡಬಹುದು. ಅದೇ ಊರಿನ ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಮೀನುಗಾರರ ಹೋರಾಟ ವರ್ಷಗಳಿಂದ ನಡೆದಿದೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಮರಳೂ ಅದೇ. ಪ್ರವಾಸಿ ಬೀಚು ನೋಡಿ ಮರಳುತ್ತಾನೆ. ಊರಿನ ಕುಟುಂಬಕ್ಕೆ ಎರಡನ್ನೂ ನೋಡುವ ಸಮಯವೂ ಹಕ್ಕೂ ಇದೆ.

ಹೊನ್ನಾವರ ಪೇಟೆಯ ಬಗ್ಗೆ ಒಂದು ಸಂಗತಿ ಹೇಳಿದರೆ ಮಕ್ಕಳು ನಂಬುವುದೇ ಇಲ್ಲ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ, ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲ ಎಂದು ಬರೆದಿಟ್ಟಿದ್ದಾನೆ. ಮೂರು ಶತಮಾನಗಳ ಬಳಿಕ, 1623ರಲ್ಲಿ, ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಗೆ ಹೋದದ್ದು ದೋಣಿಯಲ್ಲಿ; ಹೊಳೆಯ ಚೆಲುವಿಗೆ ಮನಸೋತು ಬರೆದ. ಆಗಲೇ ಗೇರುಸೊಪ್ಪೆಯ ವೈಭವ ಇಳಿದಿತ್ತು. ಇಂದು ನಗರಬಸ್ತಿಕೇರಿಯ ಕಾಡಿನಲ್ಲಿ ನಿಂತಿರುವ ಚತುರ್ಮುಖ ಬಸದಿಯ ನಾಲ್ಕು ದಿಕ್ಕಿಗೂ ಬಾಗಿಲು, ಗರ್ಭಗುಡಿಯಲ್ಲಿ ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರು. ಒಂದು ರಾಜಧಾನಿ ಇದ್ದ ಜಾಗವಿದು ಎಂದು ಊಹಿಸಿಕೊಳ್ಳುವುದೇ ಮಕ್ಕಳಿಗೆ ಆಟ.

ನದಿಯ ಉತ್ತರಕ್ಕಿರುವ ಕರ್ಕಿ, ದಕ್ಷಿಣಕ್ಕಿರುವ ಗುಣವಂತೆ ಎರಡೂ ಯಕ್ಷಗಾನದ ಊರುಗಳು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿಯ ಇತಿಹಾಸ ಶುರುವಾಗುತ್ತದೆ; ಅದಕ್ಕೆ ಪ್ರೇರಣೆಯಾದದ್ದು ಕರ್ಕಿ ಕಡೆಯಿಂದ ಅಲ್ಲಿಗೆ ಹೋಗಿದ್ದ ಭಾಗವತರ ಮೇಳ. ಗುಣವಂತೆಯಲ್ಲಿ ಕೆರೆಮನೆಯವರ ಮನೆತನ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇಂದಿಗೂ ನಡೆದಿದೆ, 2024ರಲ್ಲಿ ಯುನೆಸ್ಕೋದ ಮಾನ್ಯತೆಯನ್ನೂ ಪಡೆದಿದೆ. ಶಂಭು ಹೆಗಡೆಯವರು 1986ರಲ್ಲಿ ಆರಂಭಿಸಿದ ಶ್ರೀಮಯ ಕಲಾಕೇಂದ್ರದಲ್ಲಿ ಹೆಜ್ಜೆ, ತಾಳ, ಬಣ್ಣಗಾರಿಕೆ ಕಲಿತವರು ದೇಶದೆಲ್ಲೆಡೆ ಇದ್ದಾರೆ. ಇದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ಯಕ್ಷಗಾನಕ್ಕೆ ಆ ಗೌರವ ಮೊದಲ ಬಾರಿಗೆ ಸಂದಿತ್ತು. ರಜೆಯಲ್ಲಿ ಮಕ್ಕಳನ್ನು ಝುಂಬಾ ತರಗತಿಗೆ ಸೇರಿಸುವ ಹೊನ್ನಾವರದ ತಂದೆತಾಯಿಗೆ ಇದನ್ನೆಲ್ಲ ಯಾರಾದರೂ ನೆನಪಿಸಬೇಕು.

ಭಟ್ಕಳದ ವಾರವನ್ನು ಪೇಟೆಯಲ್ಲೇ ನಡೆದಾಡಿ ಶುರು ಮಾಡುವುದು ಒಳ್ಳೆಯದು. ಈ ಊರಿನ ಹೆಸರು ಸುದ್ದಿಯಲ್ಲಿ ಬರುವುದು ಬೇರೆ ಕಾರಣಗಳಿಗೆ. ಊರೊಳಗೆ ನಡೆದವರಿಗೆ ಕಾಣುವುದು ಕಲ್ಲಿನ ಕೆಲಸ. 16ನೇ ಶತಮಾನದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಯ ತುಂಬ ರಾಮಾಯಣ, ಕೃಷ್ಣಕಥೆಯ ಕೆತ್ತನೆಗಳು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇನ್ನೊಂದು. ಕರಾವಳಿಯ ಮಳೆಗೆ ಹೆದರಿ ಶಿಲ್ಪಿಗಳು ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ ಚಾವಣಿ, ಗಾಳಿಗೆಂದು ಬಿಟ್ಟ ಕಲ್ಲಿನ ಜಾಲಂಧ್ರ, ಇವು ಹಳೇಬೀಡಿನಲ್ಲಿ ಸಿಗುವಂಥವಲ್ಲ. ಸ್ಕೆಚ್ ಪುಸ್ತಕ ಹಿಡಿದು ಒಂದು ಬೆಳಿಗ್ಗೆ ಕೂರುವ ಮಗುವಿಗೆ ವಾಸ್ತುವೆಂದರೆ ಹವಾಮಾನಕ್ಕೆ ಕೊಟ್ಟ ಉತ್ತರ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಇದೇ ಊರಿನಲ್ಲಿ 1637–38ರಷ್ಟು ಹಿಂದೆ ತೀರಿಕೊಂಡ ಇಂಗ್ಲಿಷ್ ವ್ಯಾಪಾರಿಗಳ ಗೋರಿಗಳಿದ್ದವೆಂದು ಹಳೆಯ ಗ್ಯಾಸೆಟಿಯರ್ ದಾಖಲಿಸುತ್ತದೆ. ಮೆಣಸು ಹುಡುಕಿಕೊಂಡು ಬಂದವರು ಅವರು.

ಅರಬ್ ವ್ಯಾಪಾರಿಗಳ ಸಂಬಂಧದಿಂದ ಬೆಳೆದ ನವಾಯತ ಸಮುದಾಯದ ಮನೆಗಳು, ಮಸೀದಿಗಳು, ಓಣಿಗಳು ಈ ನಡಿಗೆಯ ಇನ್ನೊಂದು ಭಾಗ. ಕೊಂಕಣಿಯ ಬುಡಕ್ಕೆ ಅರಬ್ಬಿ, ಪಾರ್ಸಿ ಪದಗಳು ಸೇರಿದ ನವಾಯತಿ ಭಾಷೆಯನ್ನು ಪೇಟೆಯ ಅಂಗಡಿಯಲ್ಲಿ ನಿಂತೇ ಕೇಳಬಹುದು. ಅಂಜುಮನ್ ಹಾಮಿ–ಎ–ಮುಸ್ಲಿಮೀನ್ 1919ರಿಂದ ಇಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ನೆರೆಮನೆಯವರ ಹಬ್ಬದೂಟಕ್ಕೆ ಹೋಗಿ ಶಾವಿಗೆ ಬಿರಿಯಾನಿ ಉಂಡುಬಂದ ಹುಡುಗ, ಹೋಗದೇ ಉಳಿದ ಹುಡುಗ, ಇಬ್ಬರ ಭಟ್ಕಳವೂ ಒಂದೇ ಆಗಿರುವುದಿಲ್ಲ. ಕುಟುಂಬ ಪ್ರವಾಸ ಅಂದರೆ ಕೆಲವೊಮ್ಮೆ ಎರಡು ಓಣಿ ಆಚೆಗೆ ಹೋಗಿಬರುವುದೂ ಹೌದು.

ಪೂರ್ವಕ್ಕೆ ಹೊರಳಿದರೆ ಘಟ್ಟದ ಬುಡದ ಹಾಡುವಳ್ಳಿ. ಹಳೆಯ ಹೆಸರು ಸಂಗೀತಪುರ. ಸಾಳುವ ಅರಸರ ರಾಜಧಾನಿಯಾಗಿದ್ದ, ಜೈನ ಪಂಡಿತರ ಮಠವಿದ್ದ ಊರು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ ಭಟ್ಟಾಕಲಂಕ ಈ ಮಠದ ಪರಂಪರೆಯವನು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ಹಿಡಿದಿಟ್ಟ ಈ ಗ್ರಂಥದ ಹೆಸರು ಭಟ್ಕಳದ ಎಷ್ಟು ಕನ್ನಡ ಮಾಧ್ಯಮ ಶಾಲೆಗಳ ಗೋಡೆಯ ಮೇಲಿದೆ? ಹಾಡುವಳ್ಳಿಯ ಬಸದಿಗೆ ವಾರಾಂತ್ಯದಲ್ಲಿ ಎಷ್ಟು ಸ್ಥಳೀಯ ಕುಟುಂಬಗಳು ಹೋಗುತ್ತವೆ?

ಮುರುಡೇಶ್ವರವನ್ನು ಬಿಡುವಂತಿಲ್ಲ. ಆರ್.ಎನ್. ಶೆಟ್ಟಿಯವರು ಕಟ್ಟಿಸಿದ 123 ಅಡಿಯ ಶಿವನ ಮೂರ್ತಿ, 2008ರಲ್ಲಿ ತೆರೆದ 20 ಅಂತಸ್ತಿನ ರಾಜಗೋಪುರ, ಲಿಫ್ಟಿನಲ್ಲಿ ಮೇಲೇರಿದರೆ ಕಡಲ ಸಾಲು. ದೂರದಲ್ಲಿ ನೇತ್ರಾಣಿ ದ್ವೀಪ; ಅಲ್ಲಿನ ಹವಳ, ಸ್ಕೂಬಾ ಡೈವಿಂಗ್ ಹೆಚ್ಚಿನ ಕುಟುಂಬಗಳ ಕೈಗೆಟುಕುವ ಖರ್ಚಲ್ಲ. ಆದರೆ ರಾವಣ, ಗಣಪತಿ, ಆತ್ಮಲಿಂಗದ ಕಥೆಗೆ ಸೇರಿದ ಐದು ಕ್ಷೇತ್ರಗಳಲ್ಲಿ ಕಾರವಾರದ ಶೇಜೇಶ್ವರವನ್ನು ಬಿಟ್ಟರೆ ಉಳಿದ ನಾಲ್ಕೂ, ಅಂದರೆ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಈ ಮೂರು ತಾಲ್ಲೂಕುಗಳಲ್ಲೇ ಇವೆ. ಅಜ್ಜಿಯ ಬಾಯಲ್ಲಿ ಕಥೆ ಕೇಳುತ್ತ ನಾಲ್ಕನ್ನೂ ಒಂದೇ ದಿನದಲ್ಲಿ ಸುತ್ತಿಬರಬಹುದು.

ಕಡಲಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಘಟ್ಟದ ಮೇಲಿನವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ ಎನ್ನಬಹುದು. ಆದರೆ ಹೆದ್ದಾರಿಯ ಬದಿಯಲ್ಲೇ ಬೆಳೆದ ಇಲ್ಲಿನ ಪೇಟೆ ಮಕ್ಕಳಿಗೂ ಅದು ಗೊತ್ತಿಲ್ಲ. ಭರತ ಇಳಿತದ ಹೊತ್ತು, ನೀರು ಹಿಂದಕ್ಕೆ ಎಳೆಯುವ ಜಾಗ, ಮೇ ಕೊನೆಗೆ ಬದಲಾಗುವ ಗಾಳಿ ಇವನ್ನು ಮೀನುಗಾರರ ಮನೆಯ ಹುಡುಗರು ಆಟವಾಡುತ್ತಲೇ ಕಲಿತಿರುತ್ತಾರೆ. ಉಳಿದವರು ಅವರಿಂದ ಕಲಿಯಬೇಕು.

ಉಳಿದ ವಾರ ಕೈಕೆಲಸಕ್ಕೆ. ರಜೆ ಬಂತೆಂದರೆ ಪೇಟೆಗಳಲ್ಲಿ ಬೇಸಿಗೆ ಶಿಬಿರಗಳ ಬ್ಯಾನರ್ ಏಳುತ್ತವೆ. ಥರ್ಮಾಕೋಲ್, ಬಣ್ಣದ ಕಾಗದ, ಮಿನುಗುವ ಅಂಟು ಇವುಗಳಿಂದ ಮಾಡಿದ ವಸ್ತುಗಳು ಜೂನ್ ತಿಂಗಳಲ್ಲಿ ಕಸದ ಬುಟ್ಟಿ ಸೇರುತ್ತವೆ. ಶಿಬಿರ ನಡೆಸುವವರ ಶ್ರಮವನ್ನು ಹೀಗಳೆಯಬೇಕಾಗಿಲ್ಲ. ಆದರೆ ಇದೇ ತಿಂಗಳಲ್ಲಿ ಊರಿನ ಸುತ್ತ ಎಷ್ಟೊಂದು ಕೈಗಳು ಎಂಥೆಂಥ ಕೆಲಸದಲ್ಲಿ ತೊಡಗಿರುತ್ತವೆ ಎಂದು ನೋಡಿದರೆ, ಸಾಮಗ್ರಿಯನ್ನು ಅಂಗಡಿಯಿಂದ ತರುವ ಅಗತ್ಯವೇ ಕಾಣದು.

ಹಲಸು ಹಣ್ಣಾಗುವ ಮೊದಲೇ ಹಪ್ಪಳದ ಕೆಲಸ ಶುರು. ಸೊಳೆ ಬೇಯಿಸಿ, ರುಬ್ಬಿ, ಮೆಣಸಿನಪುಡಿ ಜೀರಿಗೆ ಕಲಸಿ, ಉಂಡೆ ಮಾಡಿ, ಎಣ್ಣೆ ಸವರಿದ ಹಾಳೆಯ ನಡುವೆ ಒತ್ತಿ ಅಂಗಳದ ಚಾಪೆಗೆ ಹಾಕುವವರೆಗೆ ಮನೆಯ ಎಲ್ಲರಿಗೂ ಒಂದೊಂದು ಪಾಳಿ. ಉಂಡೆ ಮಾಡುವುದು ಮಕ್ಕಳದು; ಕಾಗೆ ಓಡಿಸುವುದೂ ಅವರದೇ. ಮುರುಗಲ ಹಣ್ಣಿನ ಸಿಪ್ಪೆ ಬಿಡಿಸಿ ಸಕ್ಕರೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಶರಬತ್ತು. ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಳೆಗಾಲಕ್ಕೆ ಉಪ್ಪಿನಕಾಯಿ. ಅಳತೆ, ಕಾಯುವಿಕೆ, ಮೋಡ ಕಂಡರೆ ಓಡಿಹೋಗಿ ಒಳಗೆ ತರುವ ಗಡಿಬಿಡಿ ಯಾವ ಶಿಬಿರದ ವೇಳಾಪಟ್ಟಿಯಲ್ಲೂ ಇಲ್ಲ.

ಕುಮಟಾದ ಅಳ್ವೇಕೋಡಿ, ವನ್ನಳ್ಳಿ, ಹಂದಿಗೋಣ ಸುತ್ತ ಬೆಳೆಯುವ ಸಿಹಿ ಈರುಳ್ಳಿಯನ್ನು ಒಣಗಿದ ದಂಟಿನಿಂದಲೇ ಜಡೆ ಹೆಣೆಯುತ್ತಾರೆ. ಹೀಗೆ ಹೆಣೆದು ಅಡುಗೆಮನೆಯ ಮಾಡಿಗೆ ತೂಗಿದರೆ ಗಾಳಿಯಾಡಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಭಟ್ಕಳದ ಸುತ್ತಿನ ಮನೆಗಳಲ್ಲಿ ಬೆಳ್ಳಂಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಈ ಹೂವು ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗುತ್ತದೆ. ಕುಮಟಾ, ಹೊನ್ನಾವರದ ಗುಡಿಗಾರರು ತಲೆತಲಾಂತರದಿಂದ ಶ್ರೀಗಂಧದ ಕೆತ್ತನೆಯವರು. ಗಂಧ ದುಬಾರಿಯಾದ ಮೇಲೆ ಬೇರೆ ಮರಕ್ಕೂ ಮಣ್ಣಿಗೂ ಅವರ ಉಳಿ ಹೊರಳಿದೆ. ಚೌತಿಗೆ ಬೇಕಾದ ಮಣ್ಣಿನ ಗಣಪತಿ ಮೂರ್ತಿಗಳ ಸಿದ್ಧತೆ ತಿಂಗಳುಗಳ ಮೊದಲೇ ಶುರುವಾಗುತ್ತದೆ. ಅಂಥ ಒಂದು ಅಂಗಳದಲ್ಲಿ ನಾಲ್ಕು ದಿನ ಕೂತು ಮಣ್ಣು ಕಲಸಿದ ಹುಡುಗಿಗೆ ಬೆರಳಿನ ಬಳಕೆ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪೇಟೆಯ ಕುಟುಂಬಕ್ಕೆ ಹವ್ಯಾಸವಾಗಿ ಕಾಣುವುದು ಈರುಳ್ಳಿ ಹೆಣೆಯುವ ಹೆಂಗಸಿಗೆ, ಬಳಚು ಆಯುವವಳಿಗೆ, ಆಗರದ ಕೂಲಿಗೆ ಹೊಟ್ಟೆಪಾಡು. ಅವರ ಕೆಲಸದ ಹೊತ್ತಿನಲ್ಲಿ ಫೋಟೋ ತೆಗೆಯಲು ನುಗ್ಗುವುದು ಕಲಿಕೆಯಲ್ಲ. ಗುಡಿಗಾರರ ಮನೆಯಲ್ಲಿ ಕಲಿತರೆ ಶಿಬಿರಕ್ಕೆ ಕೊಡುವಷ್ಟೇ ಶುಲ್ಕ ಕೊಡಬೇಕು. ಈರುಳ್ಳಿ ಜಡೆಯ ಮುಂದೆ ನಿಂತು ಚೌಕಾಸಿ ಮಾಡುವ ಅಪ್ಪ ಮಗನಿಗೆ ಕಲಿಸುವುದು ಬೇರೆಯೇ ಪಾಠ. ಮಕ್ಕಳ ಕೈಯಲ್ಲಿರುವ ಮೊಬೈಲಿಗೂ ಇಲ್ಲಿ ಕೆಲಸವಿದೆ. ಹಾಲಕ್ಕಿ ಅಜ್ಜಿಯರ ಹಾಡು, ಹವಿಗನ್ನಡದ ಮಾತು, ಕೊಂಕಣಿ ಗಾದೆ, ನವಾಯತಿ ಕಥೆ, ಹೀಗೆ ಒಂದೇ ಬಸ್ಸಿನಲ್ಲಿ ಕೇಳಸಿಗುವ ಇಷ್ಟು ನುಡಿಗಳನ್ನು ಅನುಮತಿ ಕೇಳಿ ಧ್ವನಿಮುದ್ರಿಸಬಹುದು. ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಓರಗೆಯವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ.

ಓದುವ ಮಕ್ಕಳಿಗೂ ಕೊರತೆಯಿಲ್ಲ. ಯಶವಂತ ಚಿತ್ತಾಲ, ಗಂಗಾಧರ ಚಿತ್ತಾಲ ಹುಟ್ಟಿದ ಹನೇಹಳ್ಳಿ ಗೋಕರ್ಣದ ಮಗ್ಗುಲಲ್ಲೇ ಇದೆ. ‘ಶಿಕಾರಿ’ಯ ಮುಂಬಯಿಯನ್ನು ಬರೆದ ಕೈ ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿತು. ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿಯವರ ಗೋಕರ್ಣದಲ್ಲಿ ಜಿ.ಎಂ. ವೇದೇಶ್ವರ ಅವರು ಜೀವಮಾನವಿಡೀ ಪುಸ್ತಕ ಕೂಡಿಸಿ ಬೆಳೆಸಿದ ಸ್ಟಡಿ ಸರ್ಕಲ್ ಗ್ರಂಥಾಲಯವಿದೆ. ಕಥೆಯಲ್ಲಿ ಓದಿದ ಊರಿಗೆ ಲೋಕಲ್ ಬಸ್ಸಿನಲ್ಲಿ ಹೋಗಿ ಇಳಿಯುವ ಅದೃಷ್ಟ ಎಲ್ಲ ಊರಿನ ಮಕ್ಕಳಿಗೂ ಇರುವುದಿಲ್ಲ.

ಆಕ್ಷೇಪಗಳು ಬರುತ್ತವೆ, ಬರಲಿ. ಮೇ ತಿಂಗಳ ಸೆಖೆಯಲ್ಲಿ ತಿರುಗುವುದು ಹೇಗೆ ಎಂಬುದು ಮೊದಲನೆಯದು. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ನೆರಳು ಸೇರಿದರಾಯಿತು. ಮಧ್ಯಾಹ್ನ ಇರುವುದೇ ಜಗಲಿಯ ಕೈಕೆಲಸಕ್ಕೆ. ಎರಡನೆಯದು ಖರ್ಚು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಮ್ಮ, ಅಜ್ಜಿ, ಅಕ್ಕನಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಮೈಸೂರಿಗೆ ಹೋಗಿಬರುವ ವೆಚ್ಚದಲ್ಲಿ ಈ ತಿಂಗಳಿಡೀ ನಡೆದು, ಇನ್ನೂ ಉಳಿಯುತ್ತದೆ. ಕೊಂಕಣ ರೈಲು ಮಾರ್ಗದಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಎರಡು ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆಯ ಮೇಲೆ ಕಿಟಕಿ ಬದಿಯಲ್ಲಿ ಕೂತುಬರುವುದೇ ಚಿಕ್ಕಮಕ್ಕಳಿಗೆ ಒಂದು ಪ್ರವಾಸ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಬಿಡುವು ಯಾರಿಗಿದೆ? ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ 61 ದಿನ ನಿಷೇಧ. ಹಾಗಾಗಿ ಮೇ ಅಂದರೆ ಕಡಲಿನವರಿಗೆ ಕೊನೆಯ ದುಡಿಮೆಯ ತಿಂಗಳು. ತೋಟದವರಿಗೆ ಮಳೆಗೆ ಮುಂಚಿನ ಕೆಲಸ. ಅಂಗಡಿ, ಹೋಟೆಲಿನವರಿಗೆ ಪ್ರವಾಸಿಗರ ಸುಗ್ಗಿ. ಇಂಥ ಮನೆಗಳ ಮಕ್ಕಳಿಗೆ ಅಪ್ಪ ಅಮ್ಮನೊಂದಿಗೆ ಹೊಳೆ ಸುತ್ತುವ ಯೋಗವಿಲ್ಲ. ಅವರಿಗಾಗಿ ಊರೇ ಮುಂದೆ ಬರಬೇಕು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರೂ ಪುಸ್ತಕವೂ ಬಂದಿವೆ. ಇಪ್ಪತ್ತು ಮಕ್ಕಳನ್ನು ಒಬ್ಬ ನಿವೃತ್ತ ಶಿಕ್ಷಕ, ಒಬ್ಬ ಮೀನುಗಾರ, ಒಬ್ಬ ಅರಣ್ಯ ರಕ್ಷಕನ ಜೊತೆ ವಾರಕ್ಕೊಮ್ಮೆ ಹೊರಗೆ ಕಳಿಸಲು ಅಲ್ಲಿಂದಲೇ ವ್ಯವಸ್ಥೆ ಮಾಡಬಹುದು.

ನಿಜವಾದ ಅಡ್ಡಿ ಇರುವುದು ಕುಟುಂಬಗಳ ಉದಾಸೀನದಲ್ಲಿ ಮಾತ್ರವಲ್ಲ. ಹೆದ್ದಾರಿ ಬದಿಗೆ ಮುರುಡೇಶ್ವರದ ಫಲಕ ಎಷ್ಟು ದೊಡ್ಡದಿದೆಯೋ ಹಾಡುವಳ್ಳಿಯ ಫಲಕ ಅಷ್ಟೇ ಅಪರೂಪ. ಸ್ಮಾರಕದ ಎದುರು ಸಂರಕ್ಷಿತ ಎಂಬ ನೀಲಿ ಫಲಕವಿರುತ್ತದೆ. ಕಟ್ಟಿಸಿದವರಾರು, ಏಕೆ ಎಂಬ ನಾಲ್ಕು ಸಾಲು ಕನ್ನಡ ಇರುವುದಿಲ್ಲ. ಒಳದಾರಿಯ ಬಸ್ಸುಗಳು ಶಾಲೆಯ ಹೊತ್ತಿಗೆ ಹೊಂದಿಕೊಂಡಿವೆ, ರಜೆಯಲ್ಲಿ ಕೆಲವು ನಿಂತೇಬಿಡುತ್ತವೆ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಶೌಚಾಲಯದ ಚಿಂತೆ. ಪ್ರವಾಸೋದ್ಯಮ ಎಂದ ಕೂಡಲೇ ಹೊರಗಿನ ಕಾರುಗಳನ್ನಷ್ಟೇ ಲೆಕ್ಕ ಹಿಡಿಯುವ ಇಲಾಖೆಗೆ, ಊರಿನವರೂ ನೋಡಲು ಬರುತ್ತಾರೆ ಎಂಬ ಯೋಚನೆ ಹೊಳೆದಂತಿಲ್ಲ.

ಇದಕ್ಕೆ ಕೋಟಿಗಳ ಯೋಜನೆ ಬೇಡ. ಅಳಿವೆಯ ಊರುಗಳಲ್ಲಿ ದಿನದ ಭರತ–ಇಳಿತದ ಹೊತ್ತು ಬರೆಯುವ ಕರಿಹಲಗೆ, ಏಪ್ರಿಲ್–ಮೇ ಭಾನುವಾರಗಳಲ್ಲಿ ಹಾಡುವಳ್ಳಿ, ಗೇರುಸೊಪ್ಪೆ, ಯಾಣದ ಕಡೆಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳುವ ಒಂದೊಂದು ಬಸ್ಸು, ಪ್ರತಿ ಸ್ಮಾರಕದ ಬಳಿ ಓದಬಲ್ಲ ಒಂದು ಫಲಕ, ಕಲಿಸುವ ಕುಶಲಕರ್ಮಿಗೆ ಪಂಚಾಯಿತಿಯಿಂದ ದಿನದ ಗೌರವಧನ, ಇಷ್ಟಾದರೆ ಶುರು ಮಾಡಲು ಸಾಕು. ಕೇಳಲು ವೇದಿಕೆಯೂ ಸಿದ್ಧವಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅಲ್ಲಿ ಮಕ್ಕಳು ಸಾಮಾನ್ಯವಾಗಿ ಆಟದ ಮೈದಾನ, ಕಾಂಪೌಂಡ್ ಗೋಡೆ, ಕುಡಿಯುವ ನೀರು ಕೇಳುತ್ತಾರೆ. ಅಧ್ಯಕ್ಷರು ನಡಾವಳಿ ಪುಸ್ತಕದಲ್ಲಿ ಬರೆಸುತ್ತಾರೆ. ಈ ವರ್ಷದ ಸಭೆಯಲ್ಲಿ ಮಿರ್ಜಾನದ ಮಕ್ಕಳು ಕೋಟೆಗೊಂದು ಫಲಕ, ಕಾಸರಕೋಡಿನವರು ಭರತ–ಇಳಿತದ ಹಲಗೆ, ಹಾಡುವಳ್ಳಿಯವರು ಭಾನುವಾರದ ಬಸ್ಸು ಕೇಳಿ ಬರೆಸಿದರೆ, ಮುಂದಿನ ಏಪ್ರಿಲ್‌ಗೆ ಮುಂಚೆ ಅದರಲ್ಲಿ ಎಷ್ಟು ಕೈಗೂಡಿತು ಎಂದು ಪಂಚಾಯಿತಿಯನ್ನೂ ಸಾರಿಗೆ ಘಟಕವನ್ನೂ ಕೇಳುವ ಹಕ್ಕು ಅವರಿಗೂ ಅವರ ಅಪ್ಪ ಅಮ್ಮಂದಿರಿಗೂ ಲಿಖಿತವಾಗಿಯೇ ಸಿಗುತ್ತದೆ.